ಮಗುಚಿಟ್ಟ ಚೀಟಿ

ಹರಿಹರ, ಕೋಟೆ ಬೀದಿ
೮-೧೨-೧೯೫೮

ತಮ್ಮ ಮೌನೇಶನಿಗೆ,

ಕಾಗದ ಬರೆಯುವ ಕೆಲಸ ನನ್ನದಲ್ಲ. ಮೂರನೇ ಕ್ಲಾಸಿಗೆ ಸ್ಲೇಟನ್ನು ಅಟ್ಟಕ್ಕೆಸೆದು ಅಪ್ಪನ ಪಕ್ಕದಲ್ಲಿ ಊದುಗೊಳವೆ ಹಿಡಿದು ಕೂತವನು ನಾನು. ಒಂಬತ್ತು ಮೈಲಿ ಆಚೆ ಇರುವ ಒಡಹುಟ್ಟಿದವನಿಗೆ ಒಂದು ಮಾತು ಹೇಳಲು ಅಂಚೆ ಡಬ್ಬಿ ಹುಡುಕಿಕೊಂಡು ಹೋಗುವ ಗತಿ ತಂದಿಟ್ಟಿದ್ದೀಯ. ನಿನ್ನ ಅತ್ತಿಗೆ ಬೆಳಗಿನಿಂದ ಜೀವ ತಿಂದು, ಪಕ್ಕದ ಮನೆಯಿಂದ ಪೆನ್ನು ಇಸಕೊಂಡು ಬಂದು, "ಬರೀತೀರೋ, ಇಲ್ಲಾ ನಾನೇ ಬಸ್ಸು ಹತ್ತಲೋ" ಎಂದು ಎದುರಿಗೆ ಕೂತಿದ್ದಾಳೆ. ಈ ಪೆನ್ನು ಬೇಕಾದಾಗ ಬರೆಯುವುದಿಲ್ಲ, ಬೇಡವಾದಾಗ ಸೋರುತ್ತದೆ. ಅಕ್ಷರ ಸೊಟ್ಟಗಿದ್ದರೆ ನೀನೇ ನೆಟ್ಟಗೆ ಓದಿಕೋ. ನೀನು ಎಸ್‌ಎಸ್‌ಎಲ್‌ಸಿ ಓದಿದವನು.

ವಿಷಯಕ್ಕೆ ಬರುತ್ತೇನೆ. ಇದ್ದಿಲು ಗಾಡಿಯ ರೌಫ್ ನಿನ್ನೆ ಬಂದಿದ್ದ. ಚೀಲ ಇಳಿಸುತ್ತ ಹೇಳಿದ, "ಅಣ್ಣಾರೆ, ನಿಮ್ ತಮ್ಮ ಭಾರಿ ಜೋರು ಮಾಡ್ಯಾನ್ರಿ. ಗಾಜಿನ ಬೀರುನಾಗೆ ಎಲ್ಲಾ ಸಾಲಾಗಿ ತೂಗು ಹಾಕ್ಯಾನೆ. ಒಂದೊಂದಕ್ಕೂ ದರದ ಚೀಟಿ. ರೂಪಾಯಿ, ನಯಾಪೈಸೆ, ಎಲ್ಲಾ ಬರ್ದೈತೆ. ಹಮಾಲರು ಸೈತ ರಸ್ತೆಯಾಗೆ ನಿಂತ್ಕಂಡು ಓದ್ತಾರೆ." ಹೊಗಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ.

ನಿನ್ನ ಅಂಗಡಿ ಪೂಜೆಯ ದಿನ 'ಒಂದೇ ದರ' ಎಂಬ ಬೋರ್ಡು ನೋಡಿ ಊಟ ಮಾಡದೆ ಮೆಟ್ಟಿಲು ಇಳಿದು ಬಂದವನು ನಾನು. ಬೋರ್ಡು ತೋರಿಕೆಗೆ ಇರಬಹುದು, ಬಣ್ಣ ಹೋದ ಮೇಲೆ ಬುದ್ಧಿ ಬರುತ್ತದೆ ಎಂದುಕೊಂಡಿದ್ದೆ. ಈಗ ಚೀಟಿ. ನಮ್ಮ ಮನೆಯಲ್ಲಿ ಒಡವೆ ಯಾವತ್ತು ಪೆಟ್ಟಿಗೆಯ ಹೊರಗೆ ತೂಗಾಡಿತ್ತು? ಬಂದವರಿಗೆ ನೀರು ಕೊಟ್ಟು, ಎಲೆ ಅಡಿಕೆ ಕೊಟ್ಟು, ಯಾರ ಮದುವೆ, ಯಾವ ಊರಿಗೆ ಕೊಡುತ್ತಿದ್ದೀರಿ ಎಂದು ಕೇಳಿ, ಆಮೇಲೆ ಗುಲಾಬಿ ಕಾಗದ ಬಿಚ್ಚುವುದು. ಬೆಲೆ ಬಾಯಲ್ಲಿರುತ್ತದೆ. ಎದುರಿಗೆ ಕೂತವನ ಮುಖ ನೋಡದೆ ಹೇಗೆ ಹೇಳುತ್ತೀಯ? ಹತ್ತಿ ಮಂಡಿ ಸಾಹುಕಾರನಿಗೂ ಎತ್ತಿನ ಹಿಂದೆ ಹೋಗುವವನಿಗೂ ಒಂದೇ ಬೆಲೆ ಹೇಳುವುದು ನ್ಯಾಯ ಎಂದು ನಿನಗೆ ಕಲಿಸಿದವರು ಯಾರು?

ಅದೆಲ್ಲ ಹಾಳಾಗಲಿ. ಅಂಗಡಿ ನಿನ್ನದು, ಗಾಜು ನಿನ್ನದು. ಒಂದೇ ಒಂದು ಮಾತು ಕೇಳು.

ಸಾರಥಿ ಹಳ್ಳಿಯ ಸಣ್ಣಬೀರಪ್ಪ ಹೋದ ವೈಶಾಖದಲ್ಲಿ ಮಗಳು ಹಂಪವ್ವನನ್ನು ಬಾತಿ ಊರಿಗೆ ಕೊಟ್ಟ. ಕೊಟ್ರವ್ವ ಎಂಬ ಹೆಣ್ಣುಮಗಳ ಒಬ್ಬನೇ ಮಗ ಅಜ್ಜಪ್ಪನಿಗೆ. ಮಾತುಕತೆಯಲ್ಲಿ ಸಣ್ಣಬೀರಪ್ಪ ಹಾಕುತ್ತೇನೆಂದು ಆಡಿದ್ದು ಎರಡೆಳೆ ಗುಂಡಿನ ಸರ, ಎಳೆಗೆ ನಲವತ್ತು ಗುಂಡು. ನಮ್ಮ ಕಡೆ ಮಾತು ಗುಂಡಿನ ಲೆಕ್ಕದಲ್ಲಿ, ತೊಲದ ಲೆಕ್ಕದಲ್ಲಿ ಅಲ್ಲ, ಅದು ನಿನಗೂ ಗೊತ್ತು. ಗಟ್ಟಿ ಗುಂಡು ಅವನ ಕೈಗೆ ಎಟುಕುವುದಲ್ಲ. ನಾನು ತಗಡನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಬಡಿದು, ಅಪ್ಪನ ಅಚ್ಚಿನಲ್ಲಿ ಒತ್ತಿ, ಒಳಗೆ ಅರಗು ತುಂಬಿದೆ. ಅರಗಿಗೆ ಇಟ್ಟಿಗೆ ಪುಡಿ ಸೇರಿಸಿದ್ದರಿಂದ ಕೈಗೂ ಭಾರ ಬಂತು. ಚಪ್ಪರದಲ್ಲಿ ಕೊಟ್ರವ್ವ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಗುಂಡು ಎಣಿಸಿದರು, ಸರಿ ಇತ್ತು. ತೂಕ ಯಾರೂ ಕೇಳಲಿಲ್ಲ. ಕೇಳುವುದಿಲ್ಲ.

ಶ್ರಾವಣದಲ್ಲಿ ನೀನು ಸರಕು ಬೇಕು ಎಂದಾಗ ಅದೇ ಅಚ್ಚಿನ ಇನ್ನೊಂದು ಸರ ಮಾಡಿ ಕಳಿಸಿದ್ದೇನೆ. ಗುಂಡಿನ ನಡುವೆ ಜೋಳದ ತೆನೆಯಂಥ ಗೆರೆ ಬೇರೆ ಯಾವ ಆಚಾರಿಯ ಮನೆಯದಕ್ಕೂ ಇಲ್ಲ. ಬಾತಿಯವರು ದಿನಬೆಳಗಾದರೆ ನಿಮ್ಮ ಪೇಟೆಗೆ ಬರುವವರು. ಆ ಸರದ ಚೀಟಿ ತೆಗೆ. ಸರವನ್ನು ಪೆಟ್ಟಿಗೆಯೊಳಗೆ ಇಡು. ಕೇಳಿದವರಿಗೆ ಮಾತ್ರ ತೋರಿಸು. ನನಗೆ ಇಷ್ಟೇ ಬೇಕು.

ಮಗುವಿಗೆ ಹಲ್ಲು ಬಂತೋ ಎಂದು ನಿನ್ನ ಅತ್ತಿಗೆ ಕೇಳುತ್ತಾಳೆ.

ನಿನ್ನ ಅಣ್ಣ
ಕಾಳಾಚಾರಿ


ದಾವಣಗೆರೆ
೨೧-೧೨-೧೯೫೮

ಅಣ್ಣನವರ ಪಾದಗಳಿಗೆ ಮೌನೇಶನ ನಮಸ್ಕಾರ.

ಕಾಗದ ತಲುಪಿತು. ನಿಮ್ಮ ಅಕ್ಷರ ನೋಡಿ ಬಹಳ ದಿನವಾಗಿತ್ತು. ಬೈಗುಳವೇ ಆದರೂ ನಿಮ್ಮದು ಎಂದು ಮನೆಯಲ್ಲಿ ಇವಳಿಗೂ ಓದಿ ಹೇಳಿದೆ.

ಚೀಟಿ ಯಾಕೆ ಎಂದು ಕೇಳಿದ್ದೀರಿ. ಈ ಅಂಗಡಿ ಇಡುವ ಮೊದಲು ನಾನು ಒಬ್ಬ ದೊಡ್ಡ ವ್ಯಾಪಾರಿಯ ಗದ್ದುಗೆಯ ಕೆಳಗೆ ಕೂತು ಕೆಲಸ ಮಾಡಿದವನು. ಆತ ಒಳಗೆ ಬರುವವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಚಪ್ಪಲಿ ಯಾವುದು, ಹಿಮ್ಮಡಿ ಒಡೆದಿದೆಯೋ ಇಲ್ಲವೋ ನೋಡಿ ದರ ಹೇಳುತ್ತಿದ್ದ. ಹಿಮ್ಮಡಿ ಒಡೆದವರಿಗೆ ಹೆಚ್ಚು ಹೇಳುತ್ತಿದ್ದ, ಯಾಕೆಂದರೆ ಅವರು ಎರಡನೇ ಅಂಗಡಿಗೆ ಹೋಗಿ ಕೇಳಲು ಹೆದರುತ್ತಾರೆ. ಅಣ್ಣಾ, ನೀವು ಮುಖ ನೋಡಿ ಕಡಿಮೆ ಹೇಳುವವರು. ಇಲ್ಲಿ ಎಲ್ಲರೂ ಮುಖ ನೋಡಿ ಹೆಚ್ಚು ಹೇಳುವವರೇ. ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಇನ್ನೊಂದು ಮಾತು. ನಮ್ಮ ಜಾತಿಯವನು ತಕ್ಕಡಿ ಎತ್ತಿದರೆ ಸಾಕು, ಇವನು ಎಷ್ಟು ಹೊಡೆದ ಎಂದೇ ಜನ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಅಪ್ಪ ಅದನ್ನು ನುಂಗಿಕೊಂಡು ಬದುಕಿದರು, ನೀವೂ ನುಂಗಿದ್ದೀರಿ. ಬಂಗಾರ ಇಷ್ಟು, ಅರಗು ಇಷ್ಟು, ಕೂಲಿ ಇಷ್ಟು ಎಂದು ಬರೆದು ಗಾಜಿನಲ್ಲಿ ಇಟ್ಟ ಮೇಲೆ ನನ್ನನ್ನು ಯಾರೂ ಹಾಗೆ ನೋಡಿಲ್ಲ. ಬಾಗಿಲ ಹೊರಗೆ ನಿಂತು ಹೋಗುತ್ತಿದ್ದ ಹೆಂಗಸರು ಈಗ ಒಳಗೆ ಬರುತ್ತಾರೆ. ಕೇಳುವ ಮುಜುಗರ ಇಲ್ಲವಲ್ಲ.

ಸರದ ವಿಷಯ. ಅಂಗಡಿಯಲ್ಲಿ ಜನ ಮೊದಲು ನಿಂತು ನೋಡುವುದೇ ಅದನ್ನು. ಪೆಟ್ಟಿಗೆಯಲ್ಲಿ ಮುಚ್ಚಿಡಲು ಮನಸ್ಸು ಬರಲಿಲ್ಲ. ಒಂದಕ್ಕೆ ಮಾತ್ರ ಚೀಟಿ ಇಲ್ಲ ಎಂದರೆ ಹೊರಗಿನ ಬೋರ್ಡಿಗೆ ಅರ್ಥ ಉಳಿಯುವುದಿಲ್ಲ. ಹಾಗೆಂದು ನಿಮ್ಮ ಮಾತು ತೆಗೆದುಹಾಕಲೂ ಆಗದೆ, ಆ ಒಂದು ಚೀಟಿಯನ್ನು ಮಗುಚಿ ಹಾಕಿದ್ದೇನೆ. ಬರಹ ಹಿಂದಕ್ಕೆ ಹೋಗಿದೆ. ಎದುರಿಗೆ ಬರೀ ಬಿಳಿ ಕಾಗದ ಕಾಣುತ್ತದೆ. ನಿಮಗೆ ಚಿಂತೆ ಬೇಡ.

ಮಗುವಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಅತ್ತಿಗೆಯವರು ಬಂದು ನೋಡಲಿ.

ನಿಮ್ಮ ತಮ್ಮ
ಮೌನೇಶಾಚಾರಿ


ಹರಿಹರ
೩-೨-೧೯೫೯

ಮೌನೇಶ,

ತೆಗೆ ಎಂದರೆ ತೆಗೆ ಎಂದು ಅರ್ಥ. ಮಗುಚು ಎಂದು ನಾನು ಎಲ್ಲಿ ಬರೆದಿದ್ದೆ? ನಿನ್ನ ಕಾಗದ ಬಂದಾಗಲೇ ಮತ್ತೆ ಬರೆಯಬೇಕಿತ್ತು. ದೊಡ್ಡ ದೊಡ್ಡ ಮಾತು ಬರೆದಿದ್ದೆಯಲ್ಲ, ಇವನ ಜೊತೆ ಯಾರು ಜಗಳ ಕಾಯುವುದು ಎಂದು ಸುಮ್ಮನಾದೆ.

ನಿನ್ನೆ ಸಣ್ಣಬೀರಪ್ಪ ಬಂದ. ನಾನು ಬೆಸುಗೆ ಹಾಕುತ್ತಿದ್ದೆ. ಜಗಲಿಯ ಮೇಲೆ ಕೂತವನು ಕಂಬಳಿಯನ್ನೂ ಇಳಿಸಲಿಲ್ಲ.

"ಏನ್ ಬೀರಪ್ಪ, ಎತ್ತು ನೋಡಾಕ ಬಂದಿದ್ಯಾ?" ಎಂದೆ.

"ಇಲ್ಲ ಆಚಾರ್ರೆ. ಮಗಳು ಬಂದಾಳೆ."

"ಒಳ್ಳೇದಾತು. ಹಬ್ಬಕ್ಕಾ?"

"ಹಬ್ಬ ಯಾವ್ದೈತೆ ಈಗ."

ನಿನ್ನ ಅತ್ತಿಗೆ ನೀರು ತಂದಿಟ್ಟಳು. ಅವನು ಕುಡಿಯಲಿಲ್ಲ, ತಂಬಿಗೆ ನೋಡುತ್ತ ಕೂತ. ಅಜ್ಜಪ್ಪ ಹೆಂಡತಿಯನ್ನು ಊರ ಮುಂದಿನ ಬೇವಿನ ಮರದ ತನಕ ಗಾಡಿಯಲ್ಲಿ ತಂದು ಇಳಿಸಿ ಹೋದನಂತೆ. ಮನೆಯೊಳಗೆ ಬರಲಿಲ್ಲ. ಹುಡುಗಿಯ ಕೈಯಲ್ಲಿ ಬಟ್ಟೆ ಗಂಟು, ಗಂಟಿನಲ್ಲಿ ಸರ. ಕೊಟ್ರವ್ವ ಹೇಳಿ ಕಳಿಸಿದ್ದು ಒಂದೇ ಮಾತು, "ನಿಮ್ಮಪ್ಪ ಆಡಿದ ಸರ ಹಾಕ್ಕಂಡು ಬಾ."

ನಾನು ಹೇಳಿದೆ, "ಆಡಿದ್ದು ಎಂಬತ್ತು ಗುಂಡು, ಹಾಕಿದ್ದು ಎಂಬತ್ತು ಗುಂಡು. ಯಾವ ನಾಲಿಗೆಯಿಂದ ಹಂಗಂತಾಳೆ ಆಯಮ್ಮ?"

"ನನಗೆ ನೀವು ಮಾಡಿಕೊಟ್ರಿ, ನಾನು ಹಾಕಿದೆ" ಎಂದ ಅವನು. "ನಿಮ್ ತಮ್ಮಾರ ಅಂಗಡ್ಯಾಗೆ ಅದರ ದರ ಬರ್ದಾರಂತಲ್ಲ. ಯಾಕ್ರಿ ಬರ್ದಾರೆ?"

ಜಗಳಕ್ಕೆ ಕೇಳಲಿಲ್ಲ ಮೌನೇಶ. ಆಲಿಕಲ್ಲು ಯಾಕೆ ಬಿತ್ತು ಎಂದು ಕೇಳುವ ಹಾಗೆ ಕೇಳಿದ. ಅವನು ಬೈದಿದ್ದರೆ ನಾನೂ ನಾಲ್ಕು ಬೈದು ಕಳಿಸುತ್ತಿದ್ದೆ. ಎದ್ದು ಹೋಗುವಾಗ ನಿನ್ನ ಅತ್ತಿಗೆಯ ಕಡೆ ತಿರುಗಿ, "ಹುಡುಗಿ ಊಟಕ್ಕೆ ಕರೆದ್ರೆ ಆಮ್ಯಾಲೆ ಅಂತಾಳೆ, ಮಲಗು ಅಂದ್ರೆ ಆಮ್ಯಾಲೆ ಅಂತಾಳೆ. ಒಂದಿಷ್ಟು ನೀವಾರ ಹೇಳ್ರಿ ತಾಯಿ" ಎಂದ. ಅವನು ಹೋದ ಮೇಲೆ ನಿನ್ನ ಅತ್ತಿಗೆ ನನ್ನ ಜೊತೆ ಮಾತಾಡಿಲ್ಲ. ಎದುರಿಗೆ ಇರುವವನು ನಾನು, ನಿನ್ನ ಪಾಲಿನದೂ ನನಗೇ ಬೀಳುತ್ತದೆ.

ಈಗ ಮಾಡಬೇಕಾದ್ದು ಕೇಳು. ಆ ಸರಕ್ಕೆ ಹೊಸ ಚೀಟಿ ಬರೆ. ಗಟ್ಟಿ ಗುಂಡು ಎಂದು ಬರೆ, ಗಟ್ಟಿಯ ದರ ಹಾಕು. ಮೊದಲಿನದು ಬೇರೆ ಯಾವುದೋ ಸರದ್ದು, ಅದಲುಬದಲಾಗಿತ್ತು ಎಂದು ಬಾತಿಗೆ ಹೇಳಿ ಕಳಿಸು. ಒಂದು ಚೀಟಿ ಬರೆದ ಕೈಗೆ ಇನ್ನೊಂದು ಬರೆಯುವುದು ಕಷ್ಟವಲ್ಲ.

ಕಾಳಾಚಾರಿ


ದಾವಣಗೆರೆ
೧೦-೨-೧೯೫೯

ಅಣ್ಣನವರಿಗೆ ನಮಸ್ಕಾರ.

ಹೊಸ ಚೀಟಿ ಬರೆದು ಪ್ರಯೋಜನವಿಲ್ಲ. ಹಳೆಯದನ್ನು ಕೊಟ್ರವ್ವನ ಎದುರಿಗೇ ನಾನು ಬಾಯಿಬಿಟ್ಟು ಓದಿದ್ದೇನೆ. ಆಕೆ ಯಾರೆಂದು ಆಗ ನನಗೆ ಗೊತ್ತಿರಲಿಲ್ಲ.

ಸಂಕ್ರಾಂತಿ ಆದ ಮೇಲೆ ಒಂದು ಮಧ್ಯಾಹ್ನ ಇಬ್ಬರು ಹೆಂಗಸರು ಬಂದರು. ಒಬ್ಬಾಕೆ ಮಾತಿನವಳು, ಇನ್ನೊಬ್ಬಾಕೆ ಸುಮ್ಮನೆ ನಿಂತಿದ್ದಳು. ಮಾತಿನಾಕೆ ಒಂದೊಂದೇ ಚೀಟಿಗೆ ಬೆರಳಿಟ್ಟು ಓದಿಸಿದಳು. ಆ ಸರದ ಹತ್ತಿರ ಬಂದು, "ಅಯ್ಯ, ಎಲ್ಲಾ ಚೀಟಿ ಮುಖ ತೋರಿಸ್ತವೆ. ಇದೊಂದು ಯಾಕ ಗ್ವಾಡೆ ಕಡೆ ತಿರುಗೈತೆ, ಸಿಟ್ಟಾದ ಸೊಸಿ ಹಂಗೆ?" ಎಂದಳು.

"ಗಾಳಿಗೆ ತಿರುಗಿರಬೇಕಮ್ಮ" ಎಂದೆ.

"ಗಾಜಿನೊಳಗೆ ಗಾಳಿ ಎಲ್ಲೈತೋ ಅಪ್ಪ? ಒಂದೇ ದರ ಅಂತ ಬೋರ್ಡು ಹಾಕಿ ಇದೊಂದನ್ನ ಮುಚ್ಚಿಡ್ತೀಯ. ಮಗುಚು, ಓದು."

ಉಳಿದ ಗಿರಾಕಿಗಳೂ ನನ್ನ ಕಡೆ ನೋಡಿದರು. ಅಪ್ಪನನ್ನು ನೋಡುತ್ತಿದ್ದರಲ್ಲ, ಆ ನೋಟ. ಮಗುಚಿದೆ. ಅರಗು ತುಂಬಿದ ಗುಂಡಿನ ಸರ, ಎರಡೆಳೆ ಎಂದು ಓದಿದೆ. ಬಂಗಾರ ಎಷ್ಟು, ಬೆಲೆ ಎಷ್ಟು, ಎಲ್ಲ ಓದಿದೆ. ಆಕೆ ಗಾಜಿಗೆ ಮೂಗು ತಾಗಿಸಿ ನೋಡಿ, "ಕೊಟ್ರವ್ವ, ಇದು ನಿನ್ನ ಸೊಸಿ ಸರದಂಗೆ ಐತಲ್ಲೇ. ಜೋಳದ ತೆನೆ ಗೆರಿ ನೋಡು" ಎಂದಳು. ಸುಮ್ಮನಿದ್ದಾಕೆ, "ಒಂದರಂಗೆ ಒಂದು ಇರ್ತಾವೆ" ಎಂದಷ್ಟೇ ಹೇಳಿ ಸೆರಗು ಎಳೆದುಕೊಂಡು ಮೆಟ್ಟಿಲು ಇಳಿದಳು. ಹೆಸರು ಕಿವಿಗೆ ಬಿದ್ದ ಮೇಲೆ ನನಗೆ ತಿಳಿಯಿತು. ಹಿಂದೆ ಹೋಗಿ ಏನು ಹೇಳುವುದು? ಅಂದೇ ನಿಮಗೆ ಬರೆಯಬೇಕೆಂದು ಕೂತೆ, ಬರೆಯಲಾಗಲಿಲ್ಲ.

ನೀವು ಮೊದಲು ಹೇಳಿದಂತೆ ಚೀಟಿ ತೆಗೆದಿದ್ದರೂ ಒಂದು ರೀತಿ, ನಾನು ಅಂದುಕೊಂಡಂತೆ ತೋರಿಸಿಯೇ ಇಟ್ಟಿದ್ದರೂ ಒಂದು ರೀತಿ. ಎಲ್ಲದರ ನಡುವೆ ಒಂದಾಗಿ ಅದು ಕಣ್ಣಿಗೆ ಬೀಳದೆ ಹೋಗುತ್ತಿತ್ತೋ ಏನೋ.

ಆ ಸರ ಈಗ ಅಂಗಡಿಯಲ್ಲಿ ಇಲ್ಲ. ಒಬ್ಬರು ಕೊಂಡು ಹೋದರು. ಇನ್ನು ಮೇಲೆ ಅದು ಇಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಾಲ್ಕು ದಿನ ಹೋದರೆ ಬಾತಿಯವರು ಮರೆಯುತ್ತಾರೆ.

ನಿಮ್ಮ ತಮ್ಮ
ಮೌನೇಶ


ಹರಿಹರ
೨-೩-೧೯೫೯

ಮೌನೇಶ,

ಒಬ್ಬರು ಕೊಂಡು ಹೋದರು ಎಂದು ಬರೆದೆ. ಯಾರು ಎಂದು ಬರೆಯಲಿಲ್ಲ. ಬಂಗಾರ ಇಷ್ಟು, ಅರಗು ಇಷ್ಟು ಎಂದು ಬಿಡಿಸಿ ಬರೆಯುವವನಿಗೆ ಆ ಒಂದು ಹೆಸರು ಬರೆಯಲು ಮಸಿ ಸಾಲಲಿಲ್ಲವೇ?

ನಾನು ಮೊನ್ನೆ ಬಾತಿಗೆ ಹೋಗಿದ್ದೆ. ಬಸ್ಸು ಇಳಿದು ಓಣಿ ತಿರುಗುತ್ತಿದ್ದ ಹಾಗೆ ಒಬ್ಬಳು ಸಗಣಿ ಬುಟ್ಟಿ ಹೊತ್ತುಕೊಂಡು ಬಂದಳು. ಕೊರಳಲ್ಲಿ ನಾನು ಒತ್ತಿದ ಗುಂಡು ಎರಡೆಳೆ ಕುಣಿಯುತ್ತಿದ್ದವು. ನನ್ನ ಕೈಕೆಲಸ ನನಗೆ ಗೊತ್ತಾಗುವುದಿಲ್ಲವೇ? ಅಲ್ಲೇ ನಿಂತುಬಿಟ್ಟೆ.

"ಯಾರ ಮನೆಗ್ರಿ?" ಎಂದಳು. ಹರಿಹರದ ಆಚಾರಿ ಎಂದೆ. ಬುಟ್ಟಿ ಇಳಿಸಿ, ಸಗಣಿ ಕೈಯಲ್ಲೇ ಮುಗಿದಳು. "ಅಂಗಡಿ ಮೌನೇಶಪ್ಪಾರ ಅಣ್ಣಾರಾ? ನಾನು ಅಂಜಿನವ್ವ. ನಿಮ್ ತಮ್ಮಾರು ಭಾಳ ಒಳ್ಳೇರ್ರಿ. ಹುಟ್ಟಿದಾಗಿಂದ ಬಂಗಾರದ ಅಂಗಡಿಯಾಗೆ ಕಾಲಿಟ್ಟೋಳಲ್ಲ ನಾನು. ಎಮ್ಮಿ ಹೈನು ಮಾರಿ ಕೂಡಿಟ್ಟಿದ್ದೆ. ಚೀಟಿ ಓದಿಸ್ದೆ, ನನ್ನ ಗಂಟು ಎಣಿಸ್ದೆ, ಸರಿ ಹೋತು. ಯಾರನ್ನೂ ಬೇಡಲಿಲ್ಲ" ಎಂದು ದರವನ್ನೂ ಹೇಳಿದಳು. ಆ ಅಂಕಿಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಷ್ಟು ಸಂತೋಷವಾಗಿರುವ ಹೆಂಗಸಿಗೆ ಏನೆಂದು ಬೈಯುವುದು? ಒಳ್ಳೇದಾಗಲಿ ತಾಯಿ ಎಂದು ಮುಂದೆ ಹೋದೆ. ಹಿಂದಿನಿಂದ ಕೂಗಿ ಕೇಳಿದಳು, "ಇದರ ಕೊಂಡಿ ಒಂಚೂರು ಸಡಿಲ ಐತೆ, ಯಾವಾಗ ತರ್ಲಿ?"

ಕೊಟ್ರವ್ವ ಕಂಬಳಿ ಹಾಸಿ "ಕೂಡ್ರಿ" ಎಂದಳು. ಮಜ್ಜಿಗೆ ಕೊಟ್ಟಳು. ಜಗಳಕ್ಕೆ ಸಿದ್ಧವಾಗಿ ಹೋಗಿದ್ದ ನಾನು ಮಜ್ಜಿಗೆ ಕುಡಿದು ಕೂತೆ.

"ಎಣಿಸಿ ನೋಡು ತಾಯಿ, ಆಡಿದಷ್ಟು ಗುಂಡು ಅದಾವೆ. ಸಣ್ಣಬೀರಪ್ಪ ಮಾತು ತಪ್ಪಿಲ್ಲ" ಎಂದೆ.

"ತಪ್ಯಾನೆ ಅಂತ ಯಾರಂದ್ರು?" ಎಂದಳು. "ಅರಗು ಅಂತ ನನಗೆ ಚಪ್ಪರದಾಗೇ ಗೊತ್ತಾತು. ಗಟ್ಟಿ ಬಂಗಾರ ಅಂಗೈಗೆ ತಣ್ಣಗೆ ಹತ್ತುತ್ತೆ. ಅರಗಿಂದು ಹಿಡಿದ ಗಳಿಗ್ಗೆ ಬೆಚ್ಚಗಾಗುತ್ತೆ. ನಾನೂ ನಾಕು ಮದುವಿ ನೋಡೀನಿ. ಗೊತ್ತಾದ ಮ್ಯಾಲೂ ಎತ್ತಿ ಹಿಡಿದು ಎಲ್ಲಾರಿಗೂ ತೋರಿಸ್ದೆ. ಹುಡುಗಿ ಚಲೋ ಇದ್ಲು. ನನಗೆ ಅಷ್ಟು ಸಾಕಿತ್ತು."

"ಮತ್ತೆ ಈಗ ಯಾಕ ಕಳಿಸ್ದೆ?"

"ಈಗ ಓಣಿಗೆಲ್ಲ ದರ ಗೊತ್ತೈತೆ. ಅಂಜಿನವ್ವ ನೀರಿಗೆ ಬಂದ್ರೆ ದರ ಹೇಳ್ತಾಳೆ, ಬಟ್ಟಿ ಒಗಿಯಾಕ ಬಂದ್ರೆ ದರ ಹೇಳ್ತಾಳೆ. ಅವಳ ಕೊರಳಾಗೆ ಅದು ಹೆಚ್ಚು. ನನ್ನ ಸೊಸಿ ಕೊರಳಾಗೆ ಅದೇ ಕಮ್ಮಿ. ಬಾವಿ ಕಟ್ಟಿ ಮ್ಯಾಲೆ ಒಬ್ಬಳು, ಏನ್ ಹಂಪವ್ವ, ನಿಮ್ಮಪ್ಪ ನಿನ್ನ ಇಷ್ಟಕ್ಕೇ ಸಾಗ ಹಾಕಿದ್ನಾ ಅಂದ್ಲಂತೆ. ಹುಡುಗಿ ಖಾಲಿ ಕೊಡ ತಗಂಡು ಮನಿಗೆ ಬಂತು. ಆ ಬಾವಿಗೆ ಹೆಂಗೆ ಕಳಿಸ್ಲಿ ಹೇಳ್ರಿ."

ಆಮೇಲೆ ಅವಳೇ ಹೇಳಿದಳು. "ನಿಮ್ ತಮ್ಮ ಬರ್ಲಿ. ಹನುಮಪ್ಪನ ಗುಡಿ ಕಟ್ಟಿ ಮ್ಯಾಲೆ ನಿಂತು, ಅಂಜಿನವ್ವಂದು ಅರಗು, ಹಂಪವ್ವಂದು ಗಟ್ಟಿ, ಅಚ್ಚು ಒಂದೇ ಆದ್ರೂ ಸರ ಬ್ಯಾರೆ ಅಂತ ಒಂದು ಮಾತು ಅನ್ಲಿ. ಅವತ್ತೇ ಸೊಸಿನ ಕರ್ಕಂಡು ಬರಾಕ ಗಾಡಿ ಕಟ್ಟಿಸ್ತೀನಿ."

"ನಾನು ಮಾಡಿದೋನು. ನಾನೇ ಹೇಳ್ತೀನಿ, ಈಗಲೇ" ಎಂದೆ.

"ನಿಮ್ ಮಾತು ಯಾರೂ ನಂಬಂಗಿಲ್ಲ ಆಚಾರ್ರೆ. ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಒಬ್ಬೊಬ್ಬರಿಗೆ ಒಂದೊಂದು ಹೇಳೋರು ಅಂತ ಎಲ್ಲಾರಿಗೂ ಗೊತ್ತು. ಅವನು ಬರ್ದು ಹಾಕೋನು. ಅವನು ಹೇಳಿದ್ರೆ ಅಂಜಿನವ್ವನೂ ತಲಿ ಅಲ್ಲಾಡಿಸ್ತಾಳೆ."

"ಅದು ಸುಳ್ಳಾಗ್ತೈತಲ್ಲ ತಾಯಿ."

"ಹೂಂ, ಸುಳ್ಳು. ನನಗೂ ಗೊತ್ತು, ನಿಮಗೂ ಗೊತ್ತು."

ಅಜ್ಜಪ್ಪ ಕೊಟ್ಟಿಗೆಯ ಬಾಗಿಲಲ್ಲಿ ಹಗ್ಗ ಹೊಸೆಯುತ್ತ ಎಲ್ಲ ಕೇಳುತ್ತಿದ್ದ. ನನ್ನನ್ನು ರಸ್ತೆಯ ತನಕ ಕಳಿಸಲು ಬಂದ. ಬಸ್ಸಿಗೆ ಕೈ ಮಾಡಿ ನಿಲ್ಲಿಸಿ, "ಆಕಿ ಉಣ್ತಾಳ್ರಾ?" ಎಂದ. ನಾನು ಹತ್ತಿಬಿಟ್ಟೆ.

ಮೂವತ್ತು ವರ್ಷ ಕೆಲಸ ಮಾಡಿದವನ ಮಾತಿಗಿಂತ ನಿನ್ನ ಒಂದು ತುಂಡು ಕಾಗದವನ್ನು ಆ ಊರು ನಂಬುತ್ತದೆ. ಆಗಲಿ. ನಂಬುವವರಿದ್ದಾರೆ, ಬಂದು ಹೇಳು. ಬರುವ ಸೋಮವಾರ ನಾನು ಬಾತಿಯ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ.

ಕಾಳಾಚಾರಿ


ದಾವಣಗೆರೆ
೧೧-೩-೧೯೫೯

ಅಣ್ಣಾ,

ಸೋಮವಾರ ನೀವು ಕಾದಿರಿ ಎಂದು ರೌಫ್ ಹೇಳಿದ. ಬೆಳಿಗ್ಗೆ ಅಂಗಿ ಹಾಕಿಕೊಂಡು ಬಾಗಿಲ ತನಕ ಬಂದವನು ಮತ್ತೆ ಒಳಗೆ ಹೋಗಿ ಕೂತೆ.

ಅಂದು ಚೀಟಿ ಓದಿಸಿದ ಮಾತಿನಾಕೆಯೇ ಅಂಜಿನವ್ವ. ಅವಳಿಗೆ ಮಾರಿದ್ದನ್ನು ಬರೆಯಲಿಲ್ಲ, ನಿಜ. ಬರೆದ ಬೆಲೆಯನ್ನು ಕೈಯಲ್ಲಿ ಹಿಡಿದು ಬಂದವಳಿಗೆ ನಿನಗೆ ಕೊಡುವುದಿಲ್ಲ ಎಂದು ಹೇಗೆ ಹೇಳಲಿ? ಈಗ ಅವಳ ಓಣಿಯಲ್ಲೇ ನಿಂತು, ಅವಳಿಗೂ ಕೇಳುವ ಹಾಗೆ ಆ ಮಾತು ಹೇಳಿದರೆ, ಅವಳು ಎರಡನ್ನೂ ತಕ್ಕಡಿಗೆ ಹಾಕು ಎನ್ನುವವಳೇ. ಹಾಕಿದರೆ ತೂಕ ಒಂದೇ ಬಂದು ಹಂಪವ್ವ ಈಗಿನದಕ್ಕಿಂತ ಕೆಳಗೆ ಹೋಗುತ್ತಾಳೆ. ಹಾಕದಿದ್ದರೆ ನಾನು ಏನಾಗುತ್ತೇನೆ? ಬರೆದದ್ದು ನಿಜ ಎನ್ನುವುದನ್ನು ಬಿಟ್ಟರೆ ನನ್ನ ಅಂಗಡಿಯಲ್ಲಿ ಬೇರೆ ಏನೂ ಇಲ್ಲ ಅಣ್ಣಾ.

ಬರುತ್ತೇನೆ. ಬಂದು ನಿಜ ಹೇಳುತ್ತೇನೆ. ಆಡಿದಷ್ಟು ಗುಂಡು ಕೊಟ್ಟಿದ್ದಾರೆ, ಬೀಗರು ಮಾತು ತಪ್ಪಿಲ್ಲ ಎಂದು ಹಿರಿಯರ ಮುಂದೆ ಹೇಳುತ್ತೇನೆ. ಅದು ಸಾಲುವುದಿಲ್ಲವೇ?

ಮೌನೇಶ


ಹರಿಹರ
೧೪-೩-೧೯೫೯

ಮೌನೇಶ,

ಸಾಲುವುದಿಲ್ಲ. ನಿಜ ಬಾತಿಯಲ್ಲಿ ದನ ಕಾಯುವವರಿಗೂ ಗೊತ್ತಾಗಿದೆ. ಅದನ್ನು ಹೇಳಲು ನೀನು ಬಸ್ ಚಾರ್ಜು ಕೊಟ್ಟು ಬರಬೇಕಾಗಿಲ್ಲ.

ಇವತ್ತು ಸಣ್ಣಬೀರಪ್ಪ ಮಗಳನ್ನು ಕರೆದುಕೊಂಡು ಬಂದಿದ್ದ. ಗಂಟು ಬಿಚ್ಚಿ ಸರವನ್ನು ನನ್ನ ಮುಂದೆ ಇಟ್ಟು, "ಕರಗಿಸಿಬಿಡ್ರಿ ಆಚಾರ್ರೆ. ಬಂದಷ್ಟು ಬರ್ಲಿ. ಮನ್ಯಾಗೆ ಇಟ್ಕೊಂಡು ಅದರ ಮುಖ ನೋಡಾಕ ಆಗವಲ್ದು" ಎಂದ. ಕರಗಿಸಿದರೆ ಅರಗು ಸುಟ್ಟು ಹೋಗುತ್ತದೆ. ಉಳಿಯುವುದು ಹುಣಸೆ ಬೀಜದಷ್ಟು. ಆಮೇಲೆ ಬಾತಿಯಿಂದ ಗಾಡಿ ಬಂದರೂ ಆ ಹುಡುಗಿ ಕೊರಳಿಗೆ ಹಾಕಿಕೊಂಡು ಹತ್ತಲು ಏನೂ ಇರುವುದಿಲ್ಲ. ಗಟ್ಟಿಯದು ಎನ್ನಲು ತೋರಿಸುವ ಸರವೂ ಇರುವುದಿಲ್ಲ.

ನಿನ್ನ ಅತ್ತಿಗೆ ಒಳಗೆ ಹೋಗಿ ತನ್ನ ಕೈಬಳೆ ತಂದು ಇಟ್ಟಳು. ಇದನ್ನು ಸೇರಿಸಿ ಗಟ್ಟಿಯದೇ ಮಾಡಿಕೊಡಿ ಎಂದಳು. ಸಣ್ಣಬೀರಪ್ಪ ಬಳೆಯನ್ನು ಹಿಂದಕ್ಕೆ ಸರಿಸಿದ. "ಬ್ಯಾಡ ತಾಯಿ. ಈಗ ಗಟ್ಟಿದು ಹಾಕಿ ಕಳಿಸಿದ್ರೆ ಮೊದ್ಲು ಕಳ್ಳದು ಹಾಕಿದ್ದೆ ಅಂತ ನಾನೇ ಸಾರಿದಂಗೆ. ನಾನು ಕಳ್ಳದು ಹಾಕಿಲ್ಲ." ಅವನು ಹೇಳಿದ್ದು ಸರಿ. ಆ ದಾರಿಯೂ ಮುಚ್ಚಿತು.

ಹಂಪವ್ವ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಸೊರಗಿದ್ದಾಳೆ. "ನೀನೇನಂತೀಯವ್ವ?" ಎಂದು ಕೇಳಿದೆ. ಎಲ್ಲರೂ ಮಾತಾಡಿದ್ದೇವೆ, ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಅಂದಳು, "ಕರಗಿಸ್ರಿ ಅನ್ನಾಕೂ ಬಾಯಿ ಬರಲ್ಲ, ಬ್ಯಾಡ್ರಿ ಅನ್ನಾಕೂ ಬಾಯಿ ಬರಲ್ಲ. ಅವರು ಮರದ ಹತ್ರ ಇಳಿಸಿ ಹೋಗುವಾಗ ಎತ್ತು ಹೊಡೀಲೇ ಇಲ್ಲ ದೊಡ್ಡಪ್ಪ. ತಾವಾಗೇ ಹೋಗ್ಲಿ ಅಂತ ಬಿಟ್ಟಿದ್ರು." ಅಷ್ಟು ಹೇಳಿ ನಿನ್ನ ಅತ್ತಿಗೆಯ ಹಿಂದೆ ಅಡಿಗೆಮನೆಗೆ ಹೋದಳು.

ಸಣ್ಣಬೀರಪ್ಪನಿಗೆ ಒಂದು ವಾರ ತಡಿ ಎಂದಿದ್ದೇನೆ. ಕೆಲಸ ಬಹಳ ಇದೆ ಎಂದು ಸುಳ್ಳು ಹೇಳಿದೆ. ಕೆಲಸ ಎಲ್ಲಿದೆ? ಬಂದವರೆಲ್ಲ ದಾವಣಗೆರೆಯ ಚೀಟಿ ದರ ಕೇಳಿಕೊಂಡೇ ಬರುತ್ತಾರೆ. ಸರ ನನ್ನ ಪೆಟ್ಟಿಗೆಯಲ್ಲಿದೆ. ಮುಂದಿನ ಶನಿವಾರ ಬೆಳಿಗ್ಗೆ ಅವನು ಬರುತ್ತಾನೆ. ಎದುರಿಗೇ ಕೂತು ಕರಗಿಸಿಕೊಳ್ಳುತ್ತೇನೆ ಎಂದಿದ್ದಾನೆ. ಆಗ ನಾನು ಅಗ್ಗಿಷ್ಟಿಕೆಗೆ ಇದ್ದಿಲು ಹಾಕಲೇಬೇಕು. ಇಲ್ಲ ಎನ್ನಲು ನನ್ನ ಹತ್ತಿರ ಬೇರೆ ಸುಳ್ಳಿಲ್ಲ.

ತಕ್ಕಡಿ ತಂದರೆ ಏನು ಮಾಡುವುದು ಎಂದು ನನ್ನನ್ನು ಕೇಳಬೇಡ. ನನಗೆ ಗೊತ್ತಿಲ್ಲ. ನಿನ್ನ ಅಂಗಡಿ ಏನಾಗುತ್ತದೆ ಎಂಬುದೂ ನನಗೆ ಗೊತ್ತಿಲ್ಲ. ನಾನು ಹೇಳಿದರೆ ನಂಬುವುದಿಲ್ಲ, ನೀನು ಹೇಳಿದರೆ ನಂಬುತ್ತಾರೆ. ನನಗೆ ಗೊತ್ತಿರುವುದು ಇಷ್ಟೇ.

ಗುಡಿ ಕಟ್ಟೆಯ ಮೇಲೆ ನಿಂತು ಆ ಮಾತು ಹೇಳುತ್ತೀಯೋ ಇಲ್ಲವೋ? ಯಾಕೆ, ಹೇಗೆ ಎಂದು ಎರಡು ಹಾಳೆ ಬರೆಯಬೇಡ. ಹೌದು ಅಥವಾ ಇಲ್ಲ ಎಂದು ಒಂದು ಕಾರ್ಡು ಹಾಕು. ಶುಕ್ರವಾರ, ಮಾರ್ಚ್ ಇಪ್ಪತ್ತನೇ ತಾರೀಖಿನ ಟಪಾಲಿಗೆ ಅದು ನನ್ನ ಕೈಯಲ್ಲಿರಬೇಕು.

ಕಾಳಾಚಾರಿ